ಗದಗದ ಗೋದಾಮಿನಿಂದ ಧಾರವಾಡದ ರಸ್ತೆಗೆ: ಹಳೆಯ ಹೆರಾಲ್ಡ್ ಕಾರನ್ನು ಮನೆಯಲ್ಲೇ ಕಟ್ಟಿದ್ದು

ನಮ್ಮ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಈಗ ಚಾಲ್ತಿ ನೋಂದಣಿ ಇದೆ, ವಿಮೆ ಇದೆ, ಅದು ತನ್ನದೇ ಎಂಜಿನ್ನಿನ ಮೇಲೆ ಓಡುತ್ತಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಖರ್ಚು ಮೂರೂವರೆ ಲಕ್ಷದ ಆಸುಪಾಸು. ಕೆಲಸ ಶುರು ಮಾಡುವಾಗ ಯಾರಾದರೂ ಹೇಳಿದ್ದರೆ ಚಲೋ ಇತ್ತು ಅನ್ನಿಸಿದ ಸಂಗತಿಗಳೇ ಬಹಳ. ನಮ್ಮ ಭಾಗದಲ್ಲಿ ಹಳೆಯ ವಾಡೆಗಳಲ್ಲಿ, ಅಡತಿ ಅಂಗಡಿಗಳ ಹಿಂದೆ ಇಂಥ ಕಾರುಗಳು ಇನ್ನೂ ನಿಂತಿವೆ. ಅವುಗಳ ಮೇಲೆ ಕಣ್ಣಿಟ್ಟವರಿಗೆ ಇದು ಉಪಯೋಗಕ್ಕೆ ಬರಲಿ.

ಸ್ಪೋರ್ಟ್ಸ್ ಕಾರಿನ ಆಸೆ ನನಗೆ ಮೊದಲಿನಿಂದ ಇತ್ತು. ಬ್ಯಾಂಕಿನ ಗುಮಾಸ್ತೆಯ ಸಂಬಳದಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಕೊಳ್ಳುವುದು ಆಗದ ಮಾತು. ಆದರೆ ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್ ಹೊಟ್ಟೆಯಲ್ಲಿ. ಇಟಲಿಯ ಜಿಯೋವಾನಿ ಮಿಕೆಲೊಟ್ಟಿ ರೂಪ ಕೊಟ್ಟ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು; ಅದರ ಚಾಸಿಯನ್ನೇ (ಬಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು) ಗಿಡ್ಡ ಮಾಡಿ 1962ರಲ್ಲಿ ಎರಡು ಸೀಟಿನ ಸ್ಪಿಟ್‌ಫೈರ್ ತಂದರು. ಅದೇ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ನಮ್ಮಲ್ಲಿ ಕಟ್ಟಿ ಮಾರಿತು. ಹಾಗಾಗಿ ಹೆರಾಲ್ಡ್‌ನ ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್ ರ‍್ಯಾಕಿನಂಥ ಎಷ್ಟೋ ಸಾಮಾನುಗಳನ್ನು ಸ್ಪಿಟ್‌ಫೈರ್ ಪ್ರಿಯರಿಗಾಗಿ ಇಂಗ್ಲೆಂಡಿನಲ್ಲಿ ಇವತ್ತಿಗೂ ಹೊಸದಾಗಿ ಮಾಡುತ್ತಾರೆ. ಕಡಿಮೆ ರೊಕ್ಕದಲ್ಲಿ ಹಳೆಯ ಕಾರು ಹುಡುಕುವವರು ಇದನ್ನು ಮೊದಲು ನೋಡಬೇಕು: ಕಾರು ಎಷ್ಟಕ್ಕೆ ಸಿಗುತ್ತದೆ ಅನ್ನುವುದಕ್ಕಿಂತ ಅದರ ಸಾಮಾನು ಸಿಗುತ್ತದೆಯೇ ಅನ್ನುವುದು ದೊಡ್ಡ ಪ್ರಶ್ನೆ.

ಕಾರು ಸಿಕ್ಕಿದ್ದು ಗದಗದಲ್ಲಿ, ಹತ್ತಿ ವ್ಯಾಪಾರದ ಮನೆತನವೊಂದರ ಹಳೆಯ ಗೋದಾಮಿನೊಳಗೆ. ಎರಡು ಬಾಗಿಲಿನದು. ನಾಲ್ಕೂ ಟಾಯರು ಕೂತಿದ್ದವು, ಹಿಂದಿನ ಸೀಟಿನಲ್ಲಿ ಇಲಿ ಮನೆ ಮಾಡಿತ್ತು. ಆದರೆ ಕಾರಿನ ಸಾಮಾನೆಲ್ಲ ಕಾರಿನಲ್ಲೇ ಇತ್ತು. ಆ ಮನೆತನದ ಮೊಮ್ಮಗ 85,000 ಕೇಳಿದರು. ಅವತ್ತು ನಾನು ರೊಕ್ಕ ಕೊಡಲಿಲ್ಲ, ಮುಂಗಡವನ್ನೂ ಕೊಡಲಿಲ್ಲ. ಮೊದಲು ಕಾಗದ ಕೇಳಿದೆ.

ಆರ್‌ಸಿ ಪುಸ್ತಕ ಅವರ ಅಜ್ಜನ ಹೆಸರಿನಲ್ಲಿತ್ತು, ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು. ನಂಬರು 'ಎಂವೈ'ಯಿಂದ ಶುರುವಾಗುವ ಹಳೆಯ ಮೈಸೂರು ರಾಜ್ಯದ್ದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ದಾಖಲೆ ಗದಗದಲ್ಲಿ ಇರಬಹುದು ಎಂದುಕೊಳ್ಳುವುದು ಸಹಜ. ಆದರೆ ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1966ರಲ್ಲಿ ಅದು ಧಾರವಾಡ ಜಿಲ್ಲೆಯೊಳಗಿನ ಊರು, ಆದ್ದರಿಂದ ಮೂಲ ನೋಂದಣಿಯ ಜಾಡನ್ನು ಧಾರವಾಡದ ಕಡೆಯಿಂದಲೇ ಹಿಡಿಯಬೇಕಾಯಿತು. ಹಾವೇರಿ ಕಡೆಯ ಹಳೆಯ ಗಾಡಿಗಳಿಗೂ ಇದೇ ಲೆಕ್ಕ. ಬಿ ಎಕ್ಸ್‌ಟ್ರಾಕ್ಟ್ ಅಂದರೆ ಆರ್‌ಟಿಓ ಕಚೇರಿಯ ರಿಜಿಸ್ಟರಿನಲ್ಲಿರುವ ನಿಮ್ಮ ಗಾಡಿಯ ಪುಟದ ನಕಲು. ಅದಕ್ಕೆ ಅರ್ಜಿ ಕೊಟ್ಟು ವಾರಗಟ್ಟಲೆ ಕಾದೆ. ಕೈಬರಹದ ಆ ಪುಟ ಸಿಕ್ಕ ದಿನ ನನಗಾದ ಸಂತೋಷ ಮುಂದೆ ಎಂಜಿನ್ ಶುರುವಾದಾಗಲೂ ಆಗಲಿಲ್ಲ.

ಆಮೇಲೆ ಚಾಸಿ ನಂಬರು. ಬಾನೆಟ್ ಕೆಳಗಿನ ತಗಡಿನ ಮೇಲೆ ಪದರ ಪದರ ಪೇಂಟು ಕೂತಿತ್ತು. ಥಿನ್ನರ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದೆವು. ಇಂಥಲ್ಲಿ ಎಮರಿ ಕಾಗದ, ಗ್ರೈಂಡರ್ ಮುಟ್ಟಲೇಬೇಡಿ. ಒಂದು ಅಂಕಿ ಅಳಿಸಿದರೂ ಕಾರಿಗೆ ಗುರುತಿಲ್ಲ. ಎಂಜಿನ್ ನಂಬರಿನಲ್ಲಿ ತೊಡಕು ಬಂತು. ಆರ್‌ಸಿ ಪುಸ್ತಕದಲ್ಲಿ ಕೊನೆಯ ಅಂಕಿ ಮಸುಕಾಗಿ ಮೂರೋ ಎಂಟೋ ತಿಳಿಯದಂತಿತ್ತು. ಬಿ ಎಕ್ಸ್‌ಟ್ರಾಕ್ಟ್‌ನಲ್ಲಿ ಅದು ಸ್ಪಷ್ಟವಾಗಿ ಎಂಟು, ಎಂಜಿನ್ ಮೇಲೂ ಎಂಟು. ಆ ಒಂದು ಪುಟ ಇಲ್ಲದಿದ್ದರೆ ಮುಂದಿನ ಕೆಲಸ ಯಾವುದೂ ಆಗುತ್ತಿರಲಿಲ್ಲ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರ್ಮ್ 31 ಕೊಡಬೇಕು, ಅವರಿಂದ ನಮಗೆ ಮಾರಾಟವಾಗುವುದಕ್ಕೆ ಫಾರ್ಮ್ 29 ಮತ್ತು 30. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಜೊತೆಗಿರಬೇಕು. ಅಜ್ಜನಿಗೆ ಮಕ್ಕಳು ಬಹಳ. ಒಬ್ಬರು ಸೊಲ್ಲಾಪುರದಲ್ಲಿ, ಒಬ್ಬರು ಪುಣೆಯಲ್ಲಿ. ಎಲ್ಲರ ಸಹಿ ಕೂಡುವುದಕ್ಕೆ ಅವರ ಮನೆಯ ಒಂದು ಮದುವೆ ಬರಬೇಕಾಯಿತು! ಛತ್ರದಲ್ಲೇ ಊಟಕ್ಕೆ ಕೂಡಿಸಿ, ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಟ್ಟರು. ಆ ಮನೆಯ ಹಿರಿಯ ಮಗಳು ನನ್ನ ಕೈ ಹಿಡಿದು, 'ನಮ್ಮಪ್ಪನ ಗಾಡಿ ಚಲೋ ನೋಡ್ಕೋ ಯವ್ವಾ, ಗುಜರಿಗೆ ಹಾಕಬ್ಯಾಡ' ಅಂದರು. ಕೆಲಸ ಬೇಸರ ತರಿಸಿದಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು.

ಹಳೆಯ ದಾಖಲೆ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಆರ್‌ಟಿಓದ ಆನ್‌ಲೈನ್ ದಾಖಲೆಯಾದ ವಾಹನ್ ವ್ಯವಸ್ಥೆಗೆ ಅದನ್ನು ಬ್ಯಾಕ್‌ಲಾಗ್ ಎಂಟ್ರಿ ಎಂದು ಏರಿಸಬೇಕು. ಅದು ಏರಿದ ಮೇಲೆ, ಬಾಕಿ ತೆರಿಗೆ ಮತ್ತು ತಡವಾದ ನವೀಕರಣದ ಹೆಚ್ಚುವರಿ ಶುಲ್ಕ ಎಷ್ಟು ಬೀಳುತ್ತದೆ ಎಂದು ಕೌಂಟರಿನಲ್ಲಿ ಕೇಳಿ ಬರೆದುಕೊಂಡೆ. ಆ ಚೀಟಿಯನ್ನು ಮೊಮ್ಮಗನ ಮುಂದಿಟ್ಟು ಮಾತಾಡಿದ್ದಕ್ಕೆ 70,000ಕ್ಕೆ ಮುಗಿಯಿತು. ಗದಗದಿಂದ ಅಣ್ಣಿಗೇರಿ, ಹುಬ್ಬಳ್ಳಿ ಹಾದು ಧಾರವಾಡದ ಮಾಳಮಡ್ಡಿಗೆ ಟೋಯಿಂಗ್ ಗಾಡಿಯಲ್ಲಿ ತಂದದ್ದಕ್ಕೆ 7,000.

ಇಲ್ಲಿ ಒಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ವಿಂಟೇಜ್ ನೋಂದಣಿಗೆ ಶುಲ್ಕ 20,000, ಅವಧಿ ಹತ್ತು ವರ್ಷ. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ನನಗೆ ಭಾನುವಾರ ಕಿತ್ತೂರಿಗೆ, ಸೋಮೇಶ್ವರ ಗುಡಿಗೆ ಹೋಗಿಬರುವ ಕಾರು ಬೇಕಿತ್ತು. ಹಾಗಾಗಿ ಮಾಮೂಲಿ ಐದು ವರ್ಷದ ನವೀಕರಣವನ್ನೇ ಆರಿಸಿಕೊಂಡೆ. ಎರಡರಲ್ಲಿ ಯಾವುದು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ, ಮುಂದಿನ ಕಾಗದಪತ್ರ ಅದರ ಮೇಲೆ ನಿಂತಿದೆ.

ಕಾರು ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಒಂದೇ ಸಲಹೆ ಕೊಟ್ಟರು. ಹುಬ್ಬಳ್ಳಿ ಗೋಕುಲ ರಸ್ತೆಯ ಮೆಕ್ಯಾನಿಕ್ ಒಬ್ಬರು ಅಗದಿ ಪ್ರೀತಿಯಿಂದಲೇ ಹೇಳಿದರು: 'ಅಕ್ಕಾರ, ಈ ಎಂಜಿನ್ ತಗದ ಒಗೀರಿ. ಮಾರುತಿ ಎಂಜಿನ್ ಕುಂದರಿಸಿ ಕೊಡ್ತೀನಿ, ತಿಂಗಳದಾಗ ಗಾಡಿ ರಸ್ತೇಕ ಬರ್ತೈತಿ.' ಖರ್ಚು ಅದರಲ್ಲಿ ಕಡಿಮೆಯೇ ಆಗುತ್ತಿತ್ತು. ಆದರೆ ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು, ಮುಂದೆ ವಿಂಟೇಜ್ ನೋಂದಣಿಯ ದಾರಿ ಮುಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ 948 ಸಿಸಿಯ ಎಂಜಿನ್ ತೆಗೆದ ಮೇಲೆ ಅದು ಹೆರಾಲ್ಡ್ ಆಗಿ ಉಳಿಯುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನನಗೆ ಜೊತೆ ಸಿಕ್ಕವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ನೆರೆಮನೆಯ ಕಾಕಾ. ಮೊದಲ ದಿನವೇ ನನ್ನ ಪಾನಾಗಳನ್ನು ನೋಡಿ ತಲೆ ಅಲ್ಲಾಡಿಸಿದರು. 'ಇವು ಮಿಲಿಮೀಟರ್ ಪಾನಾ ತಂಗಿ, ಇದು ಇಂಚಿನ ಗಾಡಿ.' ಅರ್ಧ ಇಂಚಿನ ಬೋಲ್ಟಿಗೆ 13 ಮಿ.ಮೀ. ಪಾನಾ ಕೂತಂತೆಯೇ ಕಾಣುತ್ತದೆ, ಆದರೆ ಅರ್ಧ ಇಂಚು ಅಂದರೆ 12.7. ಜಂಗು ಹಿಡಿದ ಬೋಲ್ಟಿನ ಮೂಲೆ ಸವೆದು ಹೋಗುವುದಕ್ಕೆ ಆ ಸಣ್ಣ ಸಂದು ಸಾಕು. 7/16, 1/2, 9/16ರ ಪಾನಾ ಸೆಟ್ಟನ್ನು ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಹುಡುಕಿ ತಂದೆವು. ಕಾಕಾನ ಇನ್ನೊಂದು ಕಟ್ಟುನಿಟ್ಟು: ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಚೀಟಿ ಅಂಟಿಸಿದ ಡಬ್ಬಿ. 'ನೆನಪಿರ್ತೈತಿ ಅನ್ನೂ ಮಾತ ಬ್ಯಾಡ. ವರ್ಷ ಆದಮ್ಯಾಲೆ ಯಾವ ನೆನಪೂ ಇರೂದಿಲ್ಲ.' ಬ್ಯಾಂಕಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರ ಮತ್ತು ಭಾನುವಾರಗಳೇ ನಮ್ಮ ಕೆಲಸದ ದಿನ.

ಮನೆಯಲ್ಲಿ ಕೆಲಸ ಮಾಡುವವರಿಗೆ ಹೆರಾಲ್ಡ್‌ನಷ್ಟು ಅನುಕೂಲದ ಕಾರು ಕಡಿಮೆ. ಬಾನೆಟ್ಟು ಎರಡೂ ರೆಕ್ಕೆಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮುಂದಿನ ಟಾಯರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಬಾಡಿ ಬೇರೆ, ಚಾಸಿ ಬೇರೆ. ಬೋಲ್ಟುಗಳನ್ನು ಬಿಚ್ಚಿದರೆ ಬಾಡಿಯನ್ನು ಮೇಲಕ್ಕೆ ಎತ್ತಬಹುದು. ಎತ್ತುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಪಟ್ಟಿ ಬಿಗಿಯಬೇಕು, ಇಲ್ಲದಿದ್ದರೆ ಬಾಡಿ ಬಾಗಿ ಬಾಗಿಲು ಮತ್ತೆ ಸರಿಯಾಗಿ ಕೂಡುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಓಣಿಯ ಹುಡುಗರೆಲ್ಲ ಸೇರಿ ಬಾಡಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಎಲ್ಲರಿಗೂ ಮನೆಯಲ್ಲಿ ಒಗ್ಗರಣೆ ಅವಲಕ್ಕಿ, ಮಿರ್ಚಿ, ಚಹಾ.

ಚಾಸಿಯ ನಡುವಿನ ಬೆನ್ನೆಲುಬು ಗಟ್ಟಿ ಇತ್ತು. ಅಕ್ಕಪಕ್ಕಕ್ಕೆ ಚಾಚಿದ ತೋಳುಗಳು ಒಳಗಿನಿಂದ ತಿಂದುಹೋಗಿದ್ದವು. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಜಂಗಿನ ಪುಡಿ ಸುರಿಯುತ್ತಿತ್ತು. ಹೆರಾಲ್ಡ್ ಕೊಳ್ಳುವವರು ಮೊದಲು ಅಲ್ಲಿ ಬಡಿದು ನೋಡಿ, ಆಮೇಲೆ ಡಿಕ್ಕಿಯ ನೆಲ. ಚಾಸಿಯ ತೋಳು, ಡಿಕ್ಕಿಯ ನೆಲ, ಬಾಗಿಲ ಕೆಳಗಿನ ಪತ್ರಾ ಎಲ್ಲಾ ಹೊಸದಾಗಿ ಹೊಡೆದು ಸಿಓಟು ವೆಲ್ಡಿಂಗ್ ಮಾಡಿಸಿದ್ದಕ್ಕೆ ಟಿಂಕರಿಂಗ್ ಖರ್ಚು 58,000 ಆಯಿತು. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೇ, ಮತ್ತು ಇದರಲ್ಲಿ ಉಳಿಸಲು ಹೋಗಬಾರದು. ತೂತಿನ ಮೇಲೆ ಪುಟ್ಟಿ ತುಂಬಿ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಧಾರವಾಡದ ಒಂದು ಮಳೆಗಾಲಕ್ಕೆ ಅದು ಉದುರುತ್ತದೆ.

ಸಣ್ಣ ಸಾಮಾನಿನ ಜಂಗು ತೆಗೆಯುವುದನ್ನು ಮನೆಯಲ್ಲೇ ಮಾಡಿದೆ. ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ವಾಷಿಂಗ್ ಸೋಡಾ ಹಾಕಿ, ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಜಂಗು ಹಿಡಿದ ಸಾಮಾನಿಗೆ, ಪ್ಲಸ್ ತಂತಿಯನ್ನು ಹಳೆಯ ಕಬ್ಬಿಣದ ತುಂಡಿಗೆ ಕೊಟ್ಟು ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ನೀರಿನಲ್ಲಿ ವಿಷದ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಹೊರಡುವುದರಿಂದ ಗಾಳಿಯಾಡುವ ಕಡೆಯೇ ಮಾಡಬೇಕು, ಹತ್ತಿರ ಬೆಂಕಿ ಕೂಡದು.

ಎಂಜಿನ್ನನ್ನು ಕಾಕಾ ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಇಳಿಸಿದರು. ಮೂಲ ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 63 ಮಿ.ಮೀ.; ನಮ್ಮದು ಸವೆದು ಅಂಡಾಕಾರವಾಗಿತ್ತು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಕೆಲಸ ಹುಬ್ಬಳ್ಳಿಯಲ್ಲೇ ಆಯಿತು, 45,000. ಕ್ರಮ ಗಮನಿಸಿ: ಮೊದಲು ಓವರ್‌ಸೈಜ್ ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರ್ ಮಾಡಿಸಿ. ಪಿಸ್ಟನ್ ಯಾವ ಅಳತೆಯದು ಸಿಗುತ್ತದೋ ಬೋರು ಆ ಅಳತೆಗೆ ಆಗಬೇಕು. ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ಟು ಚೆನ್ನೈನ ಪುದುಪೇಟೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕವು. ಕಾರು ಹುಟ್ಟಿದ್ದೇ ಆ ಊರಿನಲ್ಲಿ. ಅಲ್ಲಿಗೆ ಹೋಗುವಾಗ ಹಳೆಯ ಸಾಮಾನನ್ನು ಚೀಲದಲ್ಲಿ ಒಯ್ಯಿರಿ. ಹೆಸರಿನಿಂದ ಕೇಳುವುದಕ್ಕಿಂತ ಪಕ್ಕದಲ್ಲಿಟ್ಟು ಅಳೆಯುವುದು ಭರವಸೆ.

ವಾಲ್ವ್ ಸೀಟಿನ (ವಾಲ್ವು ಮುಚ್ಚಿದಾಗ ಬಂದು ಕೂಡುವ ಅಂಚು) ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಈ ಎಂಜಿನ್ನು ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ಆ ಸೀಸವೇ ಮೆದು ಸೀಟುಗಳನ್ನು ಕಾಯುತ್ತಿತ್ತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಹೆಡ್ಡು ಮೆಷಿನ್ ಮೇಲೆ ಇರುವಾಗಲೇ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಕೂರಿಸಿದರೆ ಆ ಚಿಂತೆ ಮುಗಿಯಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೆಯ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಾಮ್ ಅದಕ್ಕೆ ತಾಳುವುದಿಲ್ಲ. ಎಥನಾಲ್ ತಾಳುವ ಪೈಪೇ ಹಾಕಿಸಿ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಮುಂದಿನ ಚಕ್ರಗಳ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಕೆಳಗಿನ ಒಂದು ಹಿತ್ತಾಳೆ ಬಣ್ಣದ ತಿರುಪಿನ ಮೇಲೆ. ಅದಕ್ಕೆ ಗೇರ್ ಆಯಿಲ್ ಬೇಕು, ಗ್ರೀಸ್ ಅಲ್ಲ. ನಮ್ಮ ಕಾರಿನಲ್ಲಿ ಗ್ರೀಸ್ ಒಣಗಿ ಗಟ್ಟಿಯಾಗಿ, ಒಂದು ಕಡೆ ಟ್ರನಿಯನ್ ಒಳಗೆ ಕೂಡುವ ಉಕ್ಕಿನ ಲಿಂಕಿನ ತಿರುಪು ಜಂಗು ತಿಂದು ಅರ್ಧ ಸಣ್ಣಗಾಗಿತ್ತು. ಅದು ಮುರಿದರೆ ಓಡುವ ಕಾರಿನ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ. ಇದನ್ನು ಮಾತ್ರ ಹಳೆಯದು ಕೊಳ್ಳಲಿಲ್ಲ, ಎರಡೂ ಕಡೆಯದನ್ನು ಇಂಗ್ಲೆಂಡಿನಿಂದ ತರಿಸಿದೆ. ಸುಂಕ ಸೇರಿ ಬೆಲೆ ನೋಡಿ ಮನೆಯವರು ಸುಮ್ಮನೆ ಕೂತರು, ಆಮೇಲೆ 'ಇದಕ್ಕ ಕಂಜೂಸಿ ಮಾಡೂದು ಬ್ಯಾಡ' ಅಂದರು. ಚೆನ್ನೈ ಮತ್ತು ಇಂಗ್ಲೆಂಡಿನ ಸಾಮಾನು ಕೂಡಿ 35,000ದ ಹತ್ತಿರ ಹೋಯಿತು.

ಬ್ರೇಕು ನಾಲ್ಕೂ ಡ್ರಮ್ಮು, ಆಯಿಲಿನ ದಾರಿ ಒಂದೇ. ಎಲ್ಲಿಯೇ ಸೋರಿದರೂ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ವೀಲ್ ಸಿಲಿಂಡರುಗಳಿಗೆ ಲೇತ್‌ನಲ್ಲಿ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ, ಪೈಪು, ರಬ್ಬರು ಎಲ್ಲಾ ಹೊಸದು ಮಾಡಿದೆವು: 14,000. ವೈರಿಂಗ್ ಕೂಡ ಪೂರ್ತಿ ಹೊಸದು. ನಮ್ಮ ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸು ಬಾಡಿಗೆ ಹೋಗುತ್ತದೆ, ಈಗಿನ ಗಾಡಿಗಳಿಗೆ ತದ್ವಿರುದ್ಧ. ಎಲೆಕ್ಟ್ರಿಷಿಯನ್‌ಗೆ ತಿಳಿಸಿ, ಬ್ಯಾಟರಿಯ ಮೇಲೂ ಬರೆದು ಅಂಟಿಸಿದ್ದೇನೆ. ಚಕ್ರ 13 ಇಂಚಿನದಾದ್ದರಿಂದ ಟಾಯರು ಯಾವ ಅಂಗಡಿಯಲ್ಲೂ ಸಿಗುತ್ತವೆ.

ಬಣ್ಣಕ್ಕೆ ಮಳೆ ನಿಲ್ಲುವವರೆಗೆ ಕಾದೆವು. ಗಾಳಿಯಲ್ಲಿ ತೇವ ಇದ್ದರೆ ಪೇಂಟಿನ ಮೇಲೆ ಬೂದಿ ಬಳಿದಂತೆ ಬಿಳುಪು ಬರುತ್ತದೆ. ಆ ವರ್ಷ ಮಹಾನವಮಿಯ ಖಂಡೇ ಪೂಜೆಗೆ ಕಾರಿಗಿನ್ನೂ ಪ್ರೈಮರ್ ಮಾತ್ರ ಇತ್ತು. ಅತ್ತೆಯವರು ಅದಕ್ಕೇ ಚೆಂಡು ಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆಸಿದರು. ದೀಪಾವಳಿ ಕಳೆದ ಮೇಲೆ, ಒಣ ಚಳಿಯಲ್ಲಿ ಬಣ್ಣ ಹೊಡೆಸಿದ್ದು. ಬಣ್ಣ ಆರ್‌ಸಿಯಲ್ಲಿ ಬರೆದದ್ದೇ ಇರಲಿ. ಬದಲಿಸಿದರೆ ಇನ್ನೊಂದು ಅರ್ಜಿ.

ಕೊನೆಯ ಸುತ್ತು ಮತ್ತೆ ಕಾಗದದ್ದು. ತಪಾಸಣೆಗೆ ವಿಮೆ ಬೇಕು. ವಿಮೆಯವರಿಗೆ ಚಾಲ್ತಿ ನೋಂದಣಿ ಬೇಕು, ಅವರ ಆನ್‌ಲೈನ್ ಪಟ್ಟಿಯಲ್ಲಿ ಹೆರಾಲ್ಡ್ ಎಂಬ ಹೆಸರೇ ಇಲ್ಲ. ಇಲ್ಲಿ ನಾನು ಬಹಳ ಕುಗ್ಗಿಹೋದೆ: ಕಾರು ಸಿದ್ಧವಾಗಿ ನಿಂತಿದೆ, ಗೇಟು ದಾಟುವಂತಿಲ್ಲ. ದಾರಿ ತೆರೆದದ್ದು ಆನ್‌ಲೈನ್ ಬಿಟ್ಟು ನೇರ ಶಾಖೆಗೆ ಹೋದಾಗ. ಬಿ ಎಕ್ಸ್‌ಟ್ರಾಕ್ಟ್, ಬ್ಯಾಕ್‌ಲಾಗ್ ದಾಖಲೆಯ ಪ್ರತಿ, ಕಾರಿನ ಫೋಟೋ ಕೊಟ್ಟು, ಅವರ ಸರ್ವೇಯರ್ ಬಂದು ನೋಡಿದ ಮೇಲೆ ಥರ್ಡ್ ಪಾರ್ಟಿ ಪಾಲಿಸಿ ಕೊಟ್ಟರು. 1000 ಸಿಸಿಯೊಳಗಿನ ಖಾಸಗಿ ಕಾರಿಗೆ 2022ರಲ್ಲಿ ನಿಗದಿಯಾದ ದರ 2,094 ರೂಪಾಯಿ, ಮೇಲೆ ಜಿಎಸ್‌ಟಿ. ವಿಂಟೇಜ್ ಎಂದು ನೋಂದಣಿಯಾದ ಕಾರಿಗೆ ಆ ದರದಲ್ಲಿ ಅರ್ಧ ರಿಯಾಯಿತಿ ಇತ್ತು. ತಪಾಸಣೆಗೆ ಕಾರನ್ನು ಟೋಯಿಂಗ್ ಗಾಡಿಯಲ್ಲೇ ಒಯ್ದೆ. ಇನ್‌ಸ್ಪೆಕ್ಟರ್ ಸಾಹೇಬರು ನಂಬರುಗಳನ್ನು ಪೆನ್ಸಿಲ್ ಪ್ರಿಂಟಿನ ಜೊತೆ ತಾಳೆ ನೋಡಿ, ಲೈಟು, ಹಾರ್ನು, ಬ್ರೇಕು ಪರೀಕ್ಷಿಸಿ, ಬಾನೆಟ್ ಎತ್ತಿಸಿ ಬಹಳ ಹೊತ್ತು ನಿಂತು ನೋಡಿದರು. ನವೀಕರಣ, ವರ್ಗಾವಣೆ ಎರಡೂ ಆಗಿ ನನ್ನ ಹೆಸರಿನ ಕಾರ್ಡು ಅಂಚೆಯಲ್ಲಿ ಬಂತು. ಶುಲ್ಕ, ತೆರಿಗೆ, ಅಫಿಡವಿಟ್ಟು ಎಲ್ಲಾ ಸೇರಿ ಕಾಗದದ ಖರ್ಚು 30,000ದಷ್ಟು.

ಈಗ ಓಡಿಸುವವರಿಗೆ ಎರಡು ಮಾತು. ಒಂದನೇ ಗೇರಿಗೆ ಸಿಂಕ್ರೋಮೆಶ್ (ಓಡುವಾಗ ಗೇರು ಸಲೀಸಾಗಿ ಬೀಳುವಂತೆ ಮಾಡುವ ಏರ್ಪಾಡು) ಇಲ್ಲ, ಕಾರು ಪೂರ್ತಿ ನಿಂತ ಮೇಲೆಯೇ ಹಾಕಬೇಕು. ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ ಮೇಲಿವೆ, ಅಂದರೆ ಚಕ್ರ ಮೇಲೆ ಕೆಳಗೆ ಆಡಿದಂತೆ ಅದರ ಓರೆಯೂ ಬದಲಾಗುತ್ತದೆ; ತಿರುವಿನ ನಡುವೆ ಜೋರಾಗಿ ಬ್ರೇಕ್ ಒತ್ತಿದರೆ ಅವು ಒಳಕ್ಕೆ ಮಡಚಿ ಕಾರಿನ ಹಿಂಭಾಗ ಜಾರುತ್ತದೆ. ವೇಗವನ್ನು ತಿರುವಿಗೆ ಮೊದಲೇ ಇಳಿಸಿ. ಅದಕ್ಕೆ ಬದಲಾಗಿ ಈ ಕಾರು 25 ಅಡಿ ಅಗಲದಲ್ಲಿ ಪೂರ್ತಿ ತಿರುಗುತ್ತದೆ, ಮಾಳಮಡ್ಡಿಯ ಓಣಿಗಳಿಗೆ ಹೇಳಿ ಮಾಡಿಸಿದಂತಿದೆ. ಬೋರ್ ಮಾಡಿಸಿದ ಎಂಜಿನ್ನಾದ್ದರಿಂದ ಸದ್ಯ 60ರ ಮೇಲೆ ಓಡಿಸುತ್ತಿಲ್ಲ. 800 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಆ ಕೆಲಸಕ್ಕೆ ಕಾಕಾ ಮುಂದಿನ ನಾಲ್ಕನೇ ಶನಿವಾರ ಗೊತ್ತು ಮಾಡಿದ್ದಾರೆ.